ಬಾಗಿಲಿಗೆ ನೇತುಹಾಕಿದ ಬೆಕ್ಕು

ಭಾನುವಾರ ಮಧ್ಯಾಹ್ನ ನೀವು ನಮ್ಮ ಶೆಟ್ಟಿಹಳ್ಳಿ ಮನೆಗೆ ಬಂದರೆ, ನಡುಮನೆಯ ಎಡಗಡೆ ಇರುವ ರೂಮಿನ ಚಿಲಕಕ್ಕೆ ಅಂಗೈಯಗಲದ ಒಂದು ಮರದ ತುಂಡು ನೇತಾಡುವುದು ಕಾಣುತ್ತದೆ. ಕೆಂಪು ದಾರ ಕಟ್ಟಿದೆ. ಒಂದು ಕಡೆ ಸುರುಳಿ ಸುತ್ತಿಕೊಂಡು ಮಲಗಿದ ಬೆಕ್ಕಿನ ಚಿತ್ರ, ಇನ್ನೊಂದು ಕಡೆ ಪೊರಕೆಯ ಚಿತ್ರ. ಬೆಕ್ಕು ಕಾಣುತ್ತಿದ್ದರೆ ಬಾಗಿಲು ತಟ್ಟಬೇಡಿ ಅಂತ, ಪೊರಕೆ ಕಾಣುತ್ತಿದ್ದರೆ ಬಂದು ಗುಡಿಸಿ ಅಂತ. ನಮ್ಮ ಮನೆಯಲ್ಲಿ ಪೊರಕೆಯ ಕಡೆ ತಿರುಗಿಸಿದರೆ ಗುಡಿಸುವುದಕ್ಕೆ ನಾನೇ ಬರಬೇಕು. ಆದ್ದರಿಂದ ಆ ಮಗ್ಗುಲಿಗೆ ನಮ್ಮಲ್ಲಿ ಕೆಲಸವಿಲ್ಲ.

ಹೂವಿನ ರತ್ನಮ್ಮ ಮೊದಲ ಸಲ ನೋಡಿದವಳು ಮಾರು ಅಳೆಯುತ್ತಿದ್ದ ಕೈ ನಿಲ್ಲಿಸಿಬಿಟ್ಟಳು.

"ಇದೇನ್ರವ್ವಾ, ದೃಷ್ಟಿಗಾ? ಬೂದುಗುಂಬಳ ಕಟ್ಟೋದು ಕೇಳಿದೀನಿ. ಬೆಕ್ಕು ಕಟ್ತಾರಾ ಯಾರಾನಾ?"

"ದೃಷ್ಟಿಗೇ ಅಂತ ಇಟ್ಕೊ ರತ್ನಮ್ಮ."

"ಯಾರ್ ದೃಷ್ಟಿ ಬೀಳ್ತದೆ ನಿಮ್ಗೆ ಈ ವಯಸ್ಸಲ್ಲಿ," ಅಂತ ನಗುತ್ತಾ ಒಂದು ಮೊಳ ಜಾಸ್ತಿ ಕೊಟ್ಟು ಹೋದಳು. ಅದೂ ಲಾಭವೇ.

ಕದ್ದು ತಂದದ್ದಲ್ಲ, ದೇವರಾಣೆ. ಒಂದು ದೊಡ್ಡ ಹೋಟೆಲಿನವರು ಕೈಯಾರೆ ಕೊಟ್ಟದ್ದು. ನಾನು ಹೋಟೆಲಿನಲ್ಲಿ ತಂಗಿದ್ದೆ ಅಂದರೆ ನಮ್ಮ ಕಡೆಯವರು ಇನ್ನೂ ನಂಬುವುದಿಲ್ಲ, ಬರೆದಿಟ್ಟರಾದರೂ ನಂಬುತ್ತಾರೇನೋ ನೋಡೋಣ.

ಹೋಟೆಲು ಅಂದರೆ ನನ್ನ ಮಟ್ಟಿಗೆ ಇಡ್ಲಿ ತಿನ್ನುವ ಜಾಗ. ಮಲಗುವುದಕ್ಕೆ ಛತ್ರವಿತ್ತು. ನನ್ನ ತವರು ಗುಬ್ಬಿ ಹತ್ತಿರ, ಬಿದರೆಹಳ್ಳಿ ಕಾವಲಿನ ಮಗ್ಗುಲ ಹಳ್ಳಿ. ಈಗ ಅಲ್ಲಿ ಹೆಲಿಕಾಪ್ಟರ್ ಮಾಡುತ್ತಾರೆ. ನಾವು ಮಕ್ಕಳಾಗಿದ್ದಾಗ ಅಲ್ಲಿ ಎಲಚಿಹಣ್ಣು, ಕಾರೆಹಣ್ಣು ಆರಿಸುತ್ತಿದ್ದೆವು. ಊಟದ ಹೊತ್ತಿಗೆ ನಮ್ಮಮ್ಮ ಹಿತ್ತಲ ಬಾಗಿಲಲ್ಲಿ ನಿಂತು "ಏ ಜಯಾ..." ಅಂತ ಕೂಗಿದರೆ ಕಾವಲಿನ ಆ ತುದಿಗೂ ಕೇಳಿಸುತ್ತಿತ್ತು. ಮೇಯುವ ದನಗಳೂ ಒಮ್ಮೆ ತಲೆ ಎತ್ತಿ ನೋಡುತ್ತಿದ್ದವು. ನಮ್ಮಪ್ಪ ಯಾತ್ರೆ ಹೊರಟರೆ ಜಮಖಾನ, ಚೊಂಬು, ಹುರಿಹಿಟ್ಟು ಎಲ್ಲಾ ಗಂಟು ಕಟ್ಟಿಸಿಕೊಂಡೇ ಹೊರಡುತ್ತಿದ್ದದ್ದು. ಲಾಡ್ಜ್ ಅನ್ನುವ ಬೋರ್ಡು ಕಂಡರೆ ಮುಖ ಆ ಕಡೆ ತಿರುಗಿಸುತ್ತಿದ್ದರು. "ಬಾಡಿಗೆ ಹಾಸಿಗೇಲಿ ಮಲಗಿದ್ರೆ ಯಾರ್ಯಾರ್ದೋ ಕನಸು ಬೀಳ್ತವೆ ಕಣಮ್ಮ" ಅನ್ನುತ್ತಿದ್ದರು. ಇಷ್ಟು ವಯಸ್ಸಾದ ಮೇಲೂ ನನಗೆ ಆ ಮಾತು ಅರ್ಧ ನಂಬಿಕೆ.

ಇರಲಿ, ಹೋಟೆಲಿಗೆ ಬರುವುದಕ್ಕೆ ಮುಂಚೆ ನಮ್ಮತ್ತೆಯ ವಿಷಯ ಹೇಳಬೇಕು.

ನಮ್ಮತ್ತೆ ಬಚ್ಚಲಲ್ಲಿ ಜಾರಿ, ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದು ವರ್ಷಗಳಾದವು. ಮರೆವು ಅದಕ್ಕೂ ಮುಂಚೆಯೇ ಶುರುವಾಗಿತ್ತು. ಕೆಲವು ದಿನ ನಾನು ಅವರ ಅಕ್ಕ, ಕೆಲವು ದಿನ ಆಸ್ಪತ್ರೆಯ ನರ್ಸಮ್ಮ, ಒಂದೊಂದು ದಿನ ಅವರಮ್ಮನೂ ಆಗಿರುತ್ತೇನೆ. ನಾನು ಸೊಸೆ ಅನ್ನುವುದು ಅವರಿಗೆ ಮರೆತು ಬಹಳ ಕಾಲವಾಯಿತು. ನಮ್ಮೆಜಮಾನರನ್ನು, ಅಂದರೆ ಹೆತ್ತ ಮಗನನ್ನೇ, "ಯಾರಪ್ಪ ನೀನು, ಮೇಷ್ಟ್ರ ಥರ ಇದ್ದೀಯಲ್ಲ" ಅನ್ನುತ್ತಾರೆ. ಇವರು ಹೈಸ್ಕೂಲು ಮೇಷ್ಟ್ರೇ. "ನೋಡು, ಅಷ್ಟು ಮಾತ್ರ ಸರಿಯಾಗಿ ಗುರುತಿಸ್ತಾಳೆ" ಅಂತ ಇವರಿಗೆ ಸಮಾಧಾನ.

ಯಾರನ್ನು ಮರೆತರೂ ನಮ್ಮತ್ತೆ ಊಟ ಮಾತ್ರ ನನ್ನ ಕೈಯಲ್ಲೇ ಮಾಡುತ್ತಿದ್ದರು. ಬೇರೆ ಯಾರು ತುತ್ತು ಹಿಡಿದರೂ ಬಾಯಿ ಬಿಡುತ್ತಿರಲಿಲ್ಲ. ನನಗೆ ಒಂದು ಸಲ ಜ್ವರ ಬಂದು ಏಳಲಾಗದೆ ಮಲಗಿದ್ದಾಗ ಇವರು ತಟ್ಟೆ ಹಿಡಿದು "ಆ ಅನ್ನವ್ವ, ಆ ಅನ್ನು" ಅಂತ ಗಂಟೆಗಟ್ಟಲೆ ಗೋಗರೆದು ಸೋತರು. ಕಡೆಗೆ ನಾನೇ ಎದ್ದು, ಎರಡು ಚೊಂಬು ಬಿಸಿನೀರು ಹುಯ್ದುಕೊಂಡು, ದೇವರ ಮುಂದೆ ದೀಪ ಹಚ್ಚಿ, ಬಂದು ತುತ್ತು ಹಿಡಿದೆ. ಹಕ್ಕಿಮರಿ ಥರ ಬಾಯಿ ತೆರೆದರು. ಅವತ್ತಿನಿಂದ ನೆಂಟರಲ್ಲೆಲ್ಲಾ ನನ್ನ ಕೈಗೆ ಹೆಸರು ಬಂತು. "ಏನ್ ಋಣಾನುಬಂಧವೋ, ಜಯಮ್ಮನ ಕೈಲೇ ಆಗ್ಬೇಕು" ಅನ್ನುವರು. ಕೇಳಿ ಒಳಗೊಳಗೇ ಸ್ವಲ್ಪ ಉಬ್ಬುತ್ತಿದ್ದೆ. ಮನೆವಾರ್ತೆಯವಳಿಗೆ ಇದಕ್ಕಿಂತ ದೊಡ್ಡ ಪದಕ ಯಾರು ಕೊಡುತ್ತಾರೆ ಹೇಳಿ.

ಆದರೆ ಆ ಪದಕ ಬಹಳ ಭಾರ. ಹೊತ್ತಿಗೆ ಸರಿಯಾಗಿ ಮನೆಯಲ್ಲಿರಬೇಕು. ಮಗಳ ಮನೆಗೆ ಹೋದರೂ ಬೆಳಿಗ್ಗೆ ತಿನ್ನಿಸಿ ಹೊರಟು ಮಧ್ಯಾಹ್ನಕ್ಕೆ ವಾಪಸ್. ಮದುವೆ ಮನೆಗಳಲ್ಲಿ ಧಾರೆಗೆ ಅಕ್ಕಿಕಾಳು ಹಾಕಿ, ಊಟಕ್ಕೆ ನಿಲ್ಲದೆ ಬಸ್ಸಿಗೆ ಓಡಿದ್ದೇ ಓಡಿದ್ದು. ಆಯಾಸ ಅನ್ನುವುದು ಮಂಡಿಯಲ್ಲೋ ಸೊಂಟದಲ್ಲೋ ಇರುತ್ತದೆ ಅಂದುಕೊಂಡಿದ್ದೆ. ಅಲ್ಲ, ಅದು ಕಿವಿಯಲ್ಲಿರುತ್ತದೆ. ಸಾರು ಕುದಿಸುವಾಗ, ಬಟ್ಟೆ ಒಣಹಾಕುವಾಗ, ನಿದ್ದೆಯಲ್ಲೂ, ಒಂದು ಕಿವಿ ಅತ್ತೆಯ ರೂಮಿನ ಕಡೆಗೇ ಇಟ್ಟಿರಬೇಕಲ್ಲ, ಅದೇ ಆಯಾಸ. ಮೈಯೆಲ್ಲಾ ಮಲಗಿದರೂ ಆ ಕಿವಿ ಮಲಗುವುದಿಲ್ಲ.

ಹೀಗಿರುವಾಗ ದಸರಾ ರಜೆಯಲ್ಲಿ ನನ್ನ ಮೈದುನ ಪ್ರಕಾಶ ಫೋನು ಮಾಡಿದ. ಅವನದು ಮೈಸೂರಲ್ಲಿ ಟೈಲ್ಸ್ ಅಂಗಡಿ.

"ಅತ್ಗೆ, ನಿಮಗೊಂದು ಸರ್ಪ್ರೈಸು! ಟೈಲ್ಸ್ ಕಂಪ್ನಿಯೋರು ನಂಗೊಂದು ಕೂಪನ್ ಕೊಟ್ಟವ್ರೆ. ಬೆಂಗಳೂರಲ್ಲಿ ದೊಡ್ಡ ಹೋಟ್ಲು, ಎರಡು ದಿನ. ನೀವೂ ಅಣ್ಣಾನೂ ಹೋಗಿ ಆರಾಮಾಗಿ ಇದ್ದು ಬನ್ನಿ."

"ಅವ್ವನ್ನ ಯಾರಪ್ಪ ನೋಡ್ಕೊಳ್ಳೋದು? ನೀನು ಬಂದಿರ್ತೀಯಾ ಎರಡು ದಿನ?"

ಅವನು ಅಂಗಡಿಯಲ್ಲಿ ಯಾರಿಗೋ ಟೈಲ್ಸಿನ ರೇಟು ಹೇಳಿ ಮತ್ತೆ ಫೋನಿಗೆ ಬಂದ.

"ನಂಗೇನು, ಬಂದೇ ಬರ್ತಿದ್ದೆ ಅತ್ಗೆ. ಈ ವಾರ ಲೋಡು ಬರ್ತದೆ ನೋಡಿ."

"ಯಾವ ವಾರ ಬರಲ್ಲ ಹೇಳು ನಿನ್ ಲೋಡು."

ತಾಯಿಯನ್ನು ಎರಡು ದಿನ ನೋಡಿಕೊಳ್ಳುವುದಕ್ಕಿಂತ ಅತ್ತಿಗೆಯನ್ನು ಎರಡು ದಿನ ಹೋಟೆಲಿನಲ್ಲಿಡುವುದು ಅವನಿಗೆ ಸಲೀಸು. ಹೋಗಲಿ, ಅಷ್ಟಾದರೂ ನೆನೆಸಿಕೊಂಡನಲ್ಲ. ದೇವರು ಕೊಟ್ಟದ್ದನ್ನು ತೆಗೆದುಕೊಳ್ಳುವಾಗ ಯಾರ ಕೈಲಿ ಕೊಟ್ಟು ಕಳಿಸಿದ ಅಂತ ನಾನು ನೋಡುವುದಿಲ್ಲ.

ಕುಣಿಗಲ್ಲಿನಲ್ಲಿರುವ ನನ್ನ ತಂಗಿ ಸರೋಜ ಬರುತ್ತೇನೆ ಅಂದಳು. "ನೀನು ಹೋಗಕ್ಕ, ನಾನಿದೀನಿ. ಆದ್ರೆ ಒಂದು ಮಾತು. ನಮ್ಮನೆಯೋರ ದಾಯಾದಿ ದೊಡ್ಡಪ್ಪ ತೀರ್ಕೊಂಡ್ರಲ್ಲ, ಇನ್ನೂ ಸೂತಕ ಕಳ್ದಿಲ್ಲ. ದೇವ್ರ ಮನೆ ಹೊಸಲು ನಾನು ದಾಟಲ್ಲ."

"ದಾಟ್ಬೇಡ ಬುಡು. ಬಾಗಿಲು ಹಾಕಿ ಹೋಗ್ತೀನಿ. ಎರಡು ದಿನ ದೇವ್ರೂ ರಜಾ ಹಾಕ್ಲಿ."

ಸೂತಕದವರು ಇನ್ನೊಬ್ಬರ ಮನೆಯಲ್ಲಿ ಒಲೆ ಮುಟ್ಟುವುದನ್ನು ಕಟ್ಟುನಿಟ್ಟಿನವರು ಒಪ್ಪಲಿಕ್ಕಿಲ್ಲ. ಆದರೆ ಕಟ್ಟುನಿಟ್ಟಿನವರು ಯಾರೂ ನಮ್ಮತ್ತೆಯ ಬಟ್ಟೆ ಬದಲಿಸುವುದಕ್ಕೆ ಬರುತ್ತೇನೆ ಅನ್ನಲಿಲ್ಲ. ದೇವರ ಮನೆಯಲ್ಲಿ ಬೆಳ್ಳಿ ದೀಪಗಳಿವೆ ಅಂತ ಬೀಗ ಹಾಕಿ, ಅಭ್ಯಾಸಬಲದಿಂದ ಬೀಗದ ಕೈಯನ್ನು ಪರ್ಸಿಗೆ ಹಾಕಿಕೊಂಡೆ. ಸರೋಜನಿಗೆ ಅತ್ತೆಯ ಮಾತ್ರೆ, ಗಂಜಿಯ ಹದ ಎಲ್ಲಾ ಹೇಳಿಕೊಟ್ಟೆ. "ನನ್ನ ಕೈಲಿ ತಿಂತಾರೋ ಇಲ್ವೋ" ಅಂತ ಅವಳಿಗೆ ಅಳುಕು. "ತಿಂತಾರೆ ಬುಡು" ಅಂದೆ. ನಿಜ ಹೇಳಬೇಕೆಂದರೆ ನನಗೂ ಧೈರ್ಯವಿರಲಿಲ್ಲ.

ಶನಿವಾರ ಬೆಳಿಗ್ಗೆ ಹೊರಟು, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು, ಬೆಂಗಳೂರಲ್ಲಿ ಆಟೋ ಹಿಡಿದು ಹೋಟೆಲು ಹುಡುಕಿದೆವು. ಆ ಬೀದಿಯನ್ನು ಏನಂತ ವರ್ಣಿಸಲಿ! ಹಳೇ ಬಂಗಲೆಗಳು, ದೊಡ್ಡ ಮರಗಳು, ಕಾಂಪೌಂಡುಗಳ ಮೇಲೆಲ್ಲಾ ಬಣ್ಣದಲ್ಲಿ ಬರೆದ ಆಳೆತ್ತರದ ಮುಖಗಳು. ಓಡಾಡುವ ಗಂಡಸರಿಗೆ ತುರುಬು, ಹೆಂಗಸರಿಗೆ ಕ್ರಾಪು. ಕಾಫಿ ಅಂಗಡಿಯ ಮೆಟ್ಟಿಲ ಮೇಲೆ ಒಬ್ಬ ಗಡ್ಡದವನು ಗಿಟಾರು ಬಾರಿಸುತ್ತಿದ್ದ, ಯಾರೂ ಕೇಳುತ್ತಿರಲಿಲ್ಲ, ಅವನಿಗೂ ಬೇಜಾರಿರಲಿಲ್ಲ. ಒಂದು ಅಂಗಡಿಯ ಗಾಜಿನೊಳಗೆ ಹಳೇ ಸೀರೆಗಳನ್ನು ಪದರ ಹಾಕಿ ಹೊಲಿದ ದುಪ್ಪಟಿಯೊಂದನ್ನು ದೇವರ ಪಟದಂತೆ ದೀಪ ಹಾಕಿ ತೂಗುಬಿಟ್ಟಿದ್ದರು. ಅಂಥದ್ದನ್ನು ನಮ್ಮತ್ತೆ ಕೈ ಗಟ್ಟಿಯಿದ್ದಾಗ ಎಷ್ಟು ಹೊಲಿದಿಲ್ಲ! ಒಂದು ಈಗಲೂ ಅವರ ಮೈಯಡಿ ಇದೆ.

"ಇಲ್ಲಿ ಎಲ್ಲರೂ ಕಲಾವಿದರು ಕಣೇ" ಅಂದರು ಇವರು.

"ಮತ್ತೆ ಪಾತ್ರೆ ಯಾರು ತೊಳೀತಾರೆ?" ಅಂದೆ. ನನಗೆ ತೋಚುವುದು ಅಂಥ ಪ್ರಶ್ನೆಗಳೇ.

ಹೋಟೆಲೂ ಒಂದು ಹಳೇ ಬಂಗಲೆಯೇ. ಒಳಗೆ ಹೋದರೆ ನಮ್ಮ ತವರುಮನೆಯ ಅಟ್ಟವನ್ನು ಯಾರೋ ಇಳಿಸಿ ತೊಳೆದು ಜೋಡಿಸಿಟ್ಟ ಹಾಗಿತ್ತು. ಒರಳಿನಲ್ಲಿ ನೀರು ತುಂಬಿ ಹೂವಿನ ಎಸಳು ತೇಲಿಬಿಟ್ಟಿದ್ದರು. ರಾಗಿ ಬೀಸುವ ಕಲ್ಲಿನ ಮೇಲೆ ಗಾಜು ಹಾಕಿ ಟೀಪಾಯಿ ಮಾಡಿದ್ದರು. ಗೋಡೆ ತುಂಬಾ ಮೊರಗಳು. ನಾನು ಬೀಸಿ, ರುಬ್ಬಿ, ಕೇರಿ ಸಾಕಾಗಿ ಬಂದವಳು, ಅವೆಲ್ಲಾ ಇಲ್ಲಿ ಮೊದಲೇ ಬಂದು ನನಗಾಗಿ ಕಾಯುತ್ತಿದ್ದವು. ಮೇಜಿನ ಮೇಲೆ ಕರೆಗಂಟೆಯ ಜಾಗದಲ್ಲಿ ಏನಿತ್ತು ಗೊತ್ತೇ? ಹಿತ್ತಾಳೆಯ ಪೂಜೆ ಗಂಟೆ. ಹಿಡಿಯ ಮೇಲೆ ನಂದಿ ಬೇರೆ. ಯಾರಾದರೂ ಬೇಕಿದ್ದರೆ ಬಾರಿಸಿ ಅಂತ ಚೀಟಿ ಅಂಟಿಸಿದ್ದರು.

ಇವರು ಸಂಕೋಚದಿಂದ ಎತ್ತಿ ಒಂದು ಸಲ ಅಲ್ಲಾಡಿಸಿದರು. ನನ್ನ ಕೈ ತಾನಾಗಿ ಕಣ್ಣಿಗೊತ್ತಿಕೊಂಡಿತು. ಒಳಗಿನಿಂದ ಒಬ್ಬಾಕೆ ಬಂದರು. ಹೆಸರು ಶೀಲಾ, ಆ ಹೋಟೆಲಿನ ಮ್ಯಾನೇಜರು, ಹಾಸನದ ಕಡೆಯವರಂತೆ. ವಯಸ್ಸು ನನ್ನದೇ ಇರಬೇಕು. ಕೂದಲನ್ನು ಕುತ್ತಿಗೆಗೆ ಕತ್ತರಿಸಿ, ನರೆತದ್ದನ್ನು ನರೆತ ಹಾಗೇ ಬಿಟ್ಟಿದ್ದರು. ಮುಂಗೈ ಮೇಲೊಂದು ಮೀನಿನ ಹಚ್ಚೆ. ನಮ್ಮಜ್ಜಿಗೂ ಹಚ್ಚೆ ಇತ್ತು, ಆದ್ದರಿಂದ ನನಗೆ ಅವರು ಪರಕೀಯರು ಅನ್ನಿಸಲಿಲ್ಲ.

"ಊಟ ಎಷ್ಟೊತ್ತಿಗೆ ಮೇಡಂ?" ಅಂತ ಇವರು ಮೊದಲ ಮಾತೇ ಕೇಳಿದರು.

"ಈಗ ತಾನೇ ಎರಡು ತಟ್ಟೆ ಇಡ್ಲಿ ತಿಂದ್ರಲ್ಲ!" ಅಂತ ನಾನು ಮೆಲ್ಲಗೆ ತಿವಿದೆ.

"ಯಾಕೋ ಹಸಿವಾಯ್ತು ಕಣೇ, ಇದ್ದಕ್ಕಿದ್ದ ಹಾಗೆ."

ರೂಮು ಚೆನ್ನಾಗಿತ್ತು, ಇಲ್ಲ ಅನ್ನಬಾರದು. ಮಂಚ ಎಷ್ಟೆತ್ತರ ಅಂದರೆ ಹತ್ತುವುದಕ್ಕೆ ಮಣೆ ಬೇಕು. ದಿಂಬುಗಳು ಮಂಚದ ಅರ್ಧ ತುಂಬಿದ್ದವು. ಯಾವುದು ತಲೆಗೆ, ಯಾವುದು ಬರೀ ಚಂದಕ್ಕೆ ಅಂತ ತಿಳಿಯದೆ ಎಲ್ಲವನ್ನೂ ಕುರ್ಚಿಯ ಮೇಲೆ ಪೇರಿಸಿಟ್ಟು ನನ್ನ ಸೀರೆ ಮಡಚಿ ತಲೆಗಿಟ್ಟುಕೊಂಡೆ. ಬಚ್ಚಲಿಗೆ ಗೋಡೆಯ ಬದಲು ಗಾಜು! ಒಳಗಿದ್ದವರು ಹೊರಗಿದ್ದವರಿಗೆ ಪೂರ್ತಿ ಕಾಣುತ್ತಾರೆ. "ಇವ್ರಿಗೆ ಇಟ್ಟಿಗೆ ಸಾಲ್ದೇ ಬಂತಾ" ಅಂತ ಇವರು ಕೆಂಪಗಾದರು. ನಾನು ಇನ್ನೊಂದು ಸೀರೆ ತೆಗೆದು ಆ ಗಾಜಿಗೆ ಉದ್ದಕ್ಕೂ ಕಟ್ಟಿದೆ. ಬಕೆಟ್ಟೂ ಇರಲಿಲ್ಲ, ತಲೆಯ ಮೇಲಿಂದ ಮಳೆ ಬೀಳುವ ವ್ಯವಸ್ಥೆ. ಮಂಡಿಗೆ ಬಿಸಿನೀರು ಹುಯ್ದುಕೊಳ್ಳಬೇಕಲ್ಲ ಅಂತ ಫೋನು ಮಾಡಿ ಇವರ ಕೈಲಿ "ಒಂದು ಬಕೆಟ್ ಕಳಿಸಿ" ಅನ್ನಿಸಿದೆ. ಸ್ವಲ್ಪ ಹೊತ್ತಿಗೆ ಬಿಳಿ ಬಟ್ಟೆ ಮುಚ್ಚಿಕೊಂಡು ಬಂತು, ಅಂಗೈಯಗಲದ ಸ್ಟೀಲು ಬಕೆಟ್ಟು, ತುಂಬಾ ಐಸು, ಜೊತೆಗೊಂದು ಇಕ್ಕಳ.

"ಹುಯ್ಕೊ, ಮಂಡಿಗೆ" ಅಂದರು ಇವರು.

ಎಷ್ಟೋ ದಿನದ ಮೇಲೆ ಇಬ್ಬರೂ ನಕ್ಕೆವು. ಆ ನಗು ಮುಗಿಯುವುದರೊಳಗೆ ಸರೋಜನ ಫೋನು ಬಂತು.

"ಅಕ್ಕಾ, ಬಾಯೇ ಬಿಡ್ತಿಲ್ಲ ಕಣಕ್ಕ. ತುಟಿ ಬಿಗಿ ಹಿಡ್ಕೊಂಡವ್ರೆ."

"ಸಂಜೆಗೆ ತಿಂತಾರೆ. ಹಾಲು ಕೊಟ್ಟು ನೋಡು."

ಸಂಜೆಯೂ ಅದೇ ಮಾತು. ನಾನು ಆಗಲೇ ಹೊರಡೋಣ ಅಂದೆ. "ಬೆಳಗಾಗ್ಲಿ, ಹೊಸ ಕೈ ಅಲ್ವಾ, ಅಭ್ಯಾಸ ಆಗುತ್ತೆ" ಅಂದರು ಇವರು. ಆ ಎತ್ತರದ ಮಂಚದ ಮೇಲೆ ಮಲಗಿದ್ದು ನನ್ನ ಮೈ ಮಾತ್ರ. ಆ ಕಿವಿ ಶೆಟ್ಟಿಹಳ್ಳಿಯಲ್ಲೇ ಇತ್ತು.

ಬೆಳಿಗ್ಗೆ ಕೆಳಗೆ ತಿಂಡಿಗೆ ಕೂತೆವು. ಯಾರೋ ಮೇಜಿನ ಹತ್ತಿರ ಗಂಟೆ ಬಾರಿಸಿದರು. ಇವರು ತಿಂದು ತಟ್ಟೆ ಸರಿಸಿದ್ದವರು ಮತ್ತೆ ಎಳೆದುಕೊಂಡು ಇನ್ನೆರಡು ದೋಸೆ ಹಾಕಿಸಿಕೊಂಡರು. ನಾನು ಫೋನು ಹಿಡಿದು ಕೂತಿದ್ದೆ. ಸರೋಜ ಫೋನಿನಲ್ಲಿ ಅಳುತ್ತಿದ್ದಳು. "ಎರಡು ಚಮಚ ಹಾಲು ಬಿಟ್ರೆ ಏನೂ ಒಳಗೆ ಹೋಗಿಲ್ಲ ಕಣಕ್ಕ. ಮಾತ್ರೆನೂ ಉಗ್ದುಬುಟ್ರು. ಹೆಚ್ಚುಕಮ್ಮಿ ಆದ್ರೆ ಸೂತಕದ ಕೈ ತಾಗಿ ಹಿಂಗಾಯ್ತು ಅಂತಾರೆ ಜನ. ನೀನು ಬಂದ್ಬುಡಕ್ಕ."

"ಬರ್ತೀನಿ, ಅಳ್ಬೇಡ" ಅಂದೆ. ಬೇಜಾರಾಯಿತೋ? ಆಯಿತು. ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು, ಆ ಬೇಜಾರಿನ ತಳದಲ್ಲಿ ಒಂದು ಚೂರು ಬೆಲ್ಲವೂ ಇತ್ತು. ನೋಡಿದ್ರಾ, ನಾನಿಲ್ಲದೆ ಆಗುವುದಿಲ್ಲ. ನನ್ನ ಕೈಯೇ ಬೇಕು. ಮೇಲೆ ಹೋಗಿ ಗಾಜಿಗೆ ಕಟ್ಟಿದ್ದ ಸೀರೆ ಬಿಚ್ಚಿ ಮಡಚಿದೆ, ದಿಂಬುಗಳನ್ನು ಇದ್ದ ಹಾಗೆ ಜೋಡಿಸಿದೆ. ಒಂದು ಗಳಿಗೆ ಆ ಹಾಸಿಗೆಯನ್ನೇ ನೋಡುತ್ತಾ ನಿಂತೆ. ಹೊಟ್ಟೆ ತುಂಬಿದವರು ಹಬ್ಬದೂಟದ ಎಲೆ ನೋಡುವ ಹಾಗಲ್ಲ, ಹಸಿದವರು ನೋಡುವ ಹಾಗೆ.

ಬ್ಯಾಗು ಹಿಡಿದು ಕೆಳಗೆ ಬಂದೆವು. ಮೇಜಿನ ಹಿಂದೆ ಯಾರೂ ಇರಲಿಲ್ಲ. ಇವರು ಗಂಟೆ ಬಾರಿಸಿದರು. ಬಾರಿಸಿ, ನನ್ನ ಕಡೆ ತಿರುಗಿ, ಪಾಪ, ಬೈಸಿಕೊಳ್ಳುವವರ ಥರ ಮುಖ ಮಾಡಿ ಹೇಳಿದರು:

"ಏನೇ, ಬೈಬೇಡ. ಮತ್ತೆ ಹಸಿವಾಗ್ತಿದೆ."

"ರೀ, ನಾಲ್ಕು ದೋಸೆ ತಿಂದಿದೀರ! ಅಲ್ಲಿ ಅವ್ವ ಉಪವಾಸ ಅವ್ರೆ."

"ಅದೇ ನಂಗೂ ಅರ್ಥ ಆಗ್ತಿಲ್ಲ. ಈ ದರಿದ್ರದ ಗಂಟೆ ಸದ್ದು ಕೇಳಿದ್ರೆ ಸಾಕು ಹೊಟ್ಟೆ ಚುರ್ ಅನ್ನುತ್ತೆ. ಚಿಕ್ಕವರಿದ್ದಾಗಿಂದ್ಲೂ ಅಷ್ಟೇ. ನಮ್ಮವ್ವ ಊಟಕ್ಕೆ ಬನ್ರೋ ಅಂತ ಒಂದು ದಿನ ಕೂಗಿದೋಳಲ್ಲ. ನಾನೂ ಪ್ರಕಾಶನೂ ಬೀದೀಲಿ ಬುಗುರಿ ಆಡ್ತಿರೋರು, ದೇವ್ರ ಮನೆ ಗಂಟೆ ಕೇಳಿಸ್ತಿದ್ದಂಗೆ ಬುಗುರಿ ಬಿಟ್ಟು ಓಡೋದು. ಗಂಟೆಗೆ ಮುಂಚೆ ಹೋದ್ರೆ ಸೌಟಲ್ಲಿ ಏಟು."

ನಾನು ಬ್ಯಾಗನ್ನು ಕೆಳಗಿಟ್ಟೆ.

ನಮ್ಮ ಮನೆಯಲ್ಲಿ ದೇವರಿಗೆ ಎಡೆ ತೋರಿಸದೆ ಯಾರೂ ತುತ್ತೆತ್ತುವುದಿಲ್ಲ. ನಾನು ಸೊಸೆಯಾಗಿ ಬಂದ ದಿನವೇ ನಮ್ಮತ್ತೆ ಹೇಳಿಕೊಟ್ಟ ಪಾಠ ಅದು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ಮಾಡಿದ್ದರಲ್ಲಿ ಒಂದು ಚೂರು ಇಟ್ಟು, ಗಂಟೆ ಬಾರಿಸಿ, ಆಮೇಲೆ ಮಿಕ್ಕವರಿಗೆ. ನಾನೂ ಹಾಗೇ ಮಾಡುತ್ತಾ ಬಂದೆ. ಗಂಟೆ ಬಾರಿಸಿ, ಆ ಕೈಯಲ್ಲೇ ತಟ್ಟೆ ತೆಗೆದುಕೊಂಡು ಅತ್ತೆಯ ರೂಮಿಗೆ ಹೋಗುವುದು. ಜ್ವರ ಬಂದ ದಿನ ನಾನು ಸ್ನಾನ ಮಾಡಿರಲಿಲ್ಲ, ಆದ್ದರಿಂದ ಪೂಜೆ ಇರಲಿಲ್ಲ, ಆದ್ದರಿಂದ ಗಂಟೆ ಇರಲಿಲ್ಲ. ಇವತ್ತು ಸರೋಜನಿಗೆ ಸೂತಕ. ದೇವರ ಮನೆಗೆ ಬೀಗ.

ನಮ್ಮತ್ತೆ ನನ್ನ ಕೈಗೆ ಕಾಯುತ್ತಿರಲಿಲ್ಲ. ದೇವರ ಊಟ ಆಗಲಿ ಅಂತ ಕಾಯುತ್ತಿದ್ದರು. ಮಗನ ಹೆಸರು ಹೋಯಿತು, ಸೊಸೆಯ ಮುಖ ಹೋಯಿತು, ಆ ಒಂದು ಮರ್ಯಾದೆ ಮಾತ್ರ ಉಳಿದುಕೊಂಡಿತ್ತು. ನಾನು ನಮ್ಮಿಬ್ಬರ ಋಣಾನುಬಂಧ ಅಂದುಕೊಂಡು ಮೆರೆಯುತ್ತಿದ್ದೆ.

"ಸರೋಜಾ, ಗಂಟೆ ಬಾರಿಸ್ಬೇಕು ಕಣೇ!" ಅಂತ ಫೋನಿನಲ್ಲಿ ಕೂಗಿದೆ.

"ಯಾವ್ ಗಂಟೆ? ಬೀಗ ಹಾಕ್ಕೊಂಡ್ ಹೋಗಿದೀಯಲ್ಲಕ್ಕ. ಅಲ್ದೆ ನಾನು ಮುಟ್ಟಂಗಿಲ್ಲ."

ಹೌದಲ್ಲ. ಬೀಗದ ಕೈ ನನ್ನ ಪರ್ಸಿನಲ್ಲಿ.

"ಲೋಟಕ್ಕೆ ಚಮಚ ಹೊಡೆದು ನೋಡು."

ಟಿಣ್ ಟಿಣ್ ಅನ್ನುವುದು ನನಗೂ ಕೇಳಿಸಿತು. "ಐಸ್ ಕ್ಯಾಂಡಿಯೋನು ಬಂದ ಅಂದ್ಕೊಂಡ್ರೋ ಏನೋ, ಮುಖ ಆ ಕಡೆ ತಿರುಗಿಸ್ಬುಟ್ರು" ಅಂದಳು ಸರೋಜ.

ಆಗ ನನಗೇನು ತೋಚಿತೋ, ಇವರ ಕೈಲಿದ್ದ ಗಂಟೆ ಕಿತ್ತುಕೊಂಡೆ. "ಫೋನು ಸ್ಪೀಕರಿಗೆ ಹಾಕಿ ಅವ್ವನ ಕಿವಿ ಹತ್ರ ಹಿಡಿ" ಅಂದೆ. ಬಾರಿಸಿದೆ. ಇವರು ಬಾರಿಸಿದ ಹಾಗೆ ಒಂದು ಸಲ ಅಲ್ಲ. ಮನೆಯಲ್ಲಿ ಬಾರಿಸುವ ಹಾಗೆ, ಕಣ್ಣು ಮುಚ್ಚಿ, ಎಡೆ ಮುಂದಿದೆ ಅಂದುಕೊಂಡು, ಒಂದೇ ಸಮನೆ. ಆ ಬಂಗಲೆಯ ಎತ್ತರದ ಸೂರಿಗೆ ಸದ್ದು ತುಂಬಿಕೊಂಡಿತು. ಕಣ್ಣು ಬಿಟ್ಟು ನೋಡಿದರೆ ಬಿಳಿ ಅಂಗಿಯ ಕೆಲಸದವರು ಅಡಿಗೆಮನೆಯಿಂದಲೂ ಮಹಡಿಯಿಂದಲೂ ಓಡಿ ಬಂದು ಸಾಲಾಗಿ ನಿಂತಿದ್ದಾರೆ. ತಿಂಡಿ ತಿನ್ನುತ್ತಿದ್ದ ತುರುಬಿನ ಗಂಡಸೊಬ್ಬ ಎದ್ದು ಕೈ ಮುಗಿದಿದ್ದಾನೆ. ಶೀಲಾ ಅವರು "ಏನಾಯ್ತು ಮೇಡಂ, ಏನಾಯ್ತು?" ಅಂತ ಗಾಬರಿಯಲ್ಲಿ ಬಂದರು. ಇವರು ಕೈ ಎತ್ತಿ, ಕ್ಲಾಸಿನಲ್ಲಿ ಗಲಾಟೆ ನಿಲ್ಲಿಸುವ ಹಾಗೆ, "ಶ್!" ಅಂದರು.

ಫೋನಿನಲ್ಲಿ ಸರೋಜನ ದನಿ, ಪಿಸುಮಾತಿನಲ್ಲಿ:

"ಅಕ್ಕಾ... ಬಾಯಿ ಬಿಟ್ರು ಕಣಕ್ಕ."

ನಾನು ಅಲ್ಲೇ, ರಾಗಿ ಕಲ್ಲಿನ ಟೀಪಾಯಿಯ ಪಕ್ಕದ ಕುರ್ಚಿಯಲ್ಲಿ ಕೂತೆ. ಸಂತೋಷಕ್ಕೋ, ನನ್ನ ಪದಕ ಹೋಯಿತು ಅಂತಲೋ, ಕಣ್ಣಲ್ಲಿ ನೀರು ಬಂತು. ಯಾವುದಕ್ಕೆ ಎಷ್ಟು ಅಂತ ಇವತ್ತಿಗೂ ಹೇಳಲಾರೆ. ಶೀಲಾ ಅವರಿಗೆ ಇವರು ಎಲ್ಲಾ ವಿವರಿಸಿದರು. ಆಕೆ ಕೇಳಿ, ನನ್ನ ಬ್ಯಾಗನ್ನು ತಾವೇ ಎತ್ತಿಕೊಂಡರು.

"ಮೇಲೆ ನಡೀರಿ ಅಕ್ಕ. ನಾಳೆ ತನಕ ರೂಮು ನಿಮ್ದೇ, ಗಂಟೆನೂ ನಿಮ್ದೇ."

ಮೇಡಂ ಹೋಗಿ ಅಕ್ಕ ಬಂದದ್ದು ಆಗಲೇ.

ಮಧ್ಯಾಹ್ನದ ಊಟದ ಹೊತ್ತಿಗೆ ಎದ್ದರಾಯಿತು ಅಂತ ಹಾಗೇ ಒಂದು ಗಳಿಗೆ ಒರಗಿದೆ. ಎಚ್ಚರವಾದಾಗ ಕಿಟಕಿಯ ಆಚೆ ದೀಪ ಹಚ್ಚುವ ಹೊತ್ತು. ನಮ್ಮಪ್ಪ ಹೇಳಿದ್ದು ಸುಳ್ಳು, ಆ ಬಾಡಿಗೆ ಹಾಸಿಗೆಯಲ್ಲಿ ಯಾರ ಕನಸೂ ಬೀಳಲಿಲ್ಲ, ನನ್ನದು ಕೂಡ. ಮಧ್ಯಾಹ್ನದ ಗಂಟೆ! ಬರಿಗಾಲಲ್ಲಿ ಬಾಗಿಲು ತೆಗೆದರೆ ಚಿಲಕದಲ್ಲಿ ಈ ಬೆಕ್ಕು ನೇತಾಡುತ್ತಿತ್ತು. ಮೆಟ್ಟಿಲಿಳಿದು ಓಡಿದೆ. ಕೆಳಗೆ ಇವರೂ ಶೀಲಾ ಅವರೂ ಕಾಫಿ ಕುಡಿಯುತ್ತಾ ಕೂತಿದ್ದರು.

"ರೀ, ಅವ್ವ..."

"ಊಟ ಆಯ್ತು. ಎರಡು ತುತ್ತು ಜಾಸ್ತಿನೇ ತಿಂದ್ಲಂತೆ."

"ಗಂಟೆ ಯಾರು ಬಾರಿಸಿದ್ದು?"

"ನಾನೇ." ಇವರು ಕಪ್ಪಿನೊಳಗೆ ನೋಡುತ್ತಾ ಹೇಳಿದರು. "ಮೊದಲನೇ ಸಲ ಸರಿ ಬರ್ಲಿಲ್ಲ. ಎರಡನೇ ಸಲಕ್ಕೆ ಬಾಯಿ ಬಿಟ್ಲು."

"ನಂಗೂ ಹಸಿವಾಯ್ತು ಅಕ್ಕ, ಅದನ್ನ ಕೇಳಿ" ಅಂದರು ಶೀಲಾ.

ನನ್ನನ್ನು ಎಬ್ಬಿಸಬಾರದಿತ್ತೇ ಅಂತ ಕೇಳಬೇಕೆಂದುಕೊಂಡೆ. ಕೇಳಲಿಲ್ಲ. ಇವರು ಇನ್ನೊಂದು ಕಪ್ಪು ಕಾಫಿ ತರಿಸಿ ನನ್ನ ಮುಂದೆ ಸರಿಸಿದರು. ಯಾರೋ ಮಾಡಿದ ಕಾಫಿ, ಯಾರೋ ತೊಳೆಯುವ ಕಪ್ಪು. ನಿಧಾನಕ್ಕೆ ಕುಡಿದೆ.

ಮರುದಿನ ಹೊರಡುವಾಗ ಶೀಲಾ ಅವರು ಈ ಬೆಕ್ಕನ್ನು ನನ್ನ ಕೈಲಿಟ್ಟು, "ಇದು ನಮ್ಮ ಹೋಟ್ಲಿಗಿಂತ ನಿಮ್ಮನೆಗೆ ಬೇಕು ಅಕ್ಕ" ಅಂದರು.

ಈಗ ಭಾನುವಾರ ಮಧ್ಯಾಹ್ನದ ಎಡೆ, ಗಂಟೆ, ತುತ್ತು ಮೂರೂ ಇವರದು. ಪ್ರಕಾಶನಿಗೂ ವಿಷಯ ತಿಳಿದು, ಲೋಡು ಬಾರದ ವಾರ ಯಾವುದಾದರೂ ಸಿಕ್ಕರೆ ಬರುತ್ತಾನೆ. ಅವನು ಬಾರಿಸಿದರೆ ಬೀದಿಯವರು ಬೆಂಕಿ ಬಿತ್ತೇನೋ ಅಂತ ಈಚೆ ಬರುತ್ತಾರೆ, ಆದರೂ ನಮ್ಮತ್ತೆ ಬಾಯಿ ಬಿಡುತ್ತಾರೆ. ಬಾರಿಸಿದವನು ಅವರ ತುತ್ತಿಗೆ ಮುಂಚೆ ತನ್ನ ತಟ್ಟೆ ಎಲ್ಲಿ ಅಂತ ಹುಡುಕುತ್ತಾನೆ.

ಗಂಟೆ ಬಾರಿಸದೆ ಒಂದು ದಿನ ಬರೀ ಕೈ ಚಾಚಿ ನೋಡಿದರೆ ಹೇಗೆ ಅಂತ ನನ್ನ ಮನಸ್ಸಿಗೆ ಬಂದದ್ದುಂಟು. ನನ್ನ ಕೈಗೇ ಬಾಯಿ ಬಿಡುತ್ತಾರೋ ಏನೋ, ಯಾರಿಗೆ ಗೊತ್ತು? ತುತ್ತು ಕಲಸಿ ಹಿಡಿದುಕೊಂಡು ರೂಮಿನ ಬಾಗಿಲ ತನಕ ಹೋಗಿದ್ದೆ ಕೂಡ. ಅಲ್ಲಿಂದ ಹಿಂದಕ್ಕೆ ಬಂದು ಗಂಟೆ ಬಾರಿಸಿದೆ. ದೇವರು ಉಣ್ಣುವುದಕ್ಕೆ ಮುಂಚೆ ಉಣ್ಣದ ಹೆಂಗಸನ್ನು ನನ್ನ ಆಸೆಗೆ ಕೆಡಿಸುವುದು ಬೇಡ.

ಇವತ್ತೂ ಭಾನುವಾರ. ಇಷ್ಟು ಬರೆದು, ಬೆಕ್ಕು ತಗುಲಿಸಿ, ಬಾಗಿಲು ಮುಂದಕ್ಕೆ ಮಾಡಿ ಮಲಗಿದ್ದೆ. ದೇವರ ಮನೆಯಲ್ಲಿ ಗಂಟೆಯಾಯಿತು. ಇವರ ಹೆಜ್ಜೆ, ತಟ್ಟೆಯ ಸದ್ದು, "ಆ ಅನ್ನವ್ವ" ಅನ್ನುವ ದನಿ. ಆಮೇಲೆ ಅತ್ತೆಯ ದನಿ: "ಯಾರಪ್ಪ ನೀನು, ಒಳ್ಳೇ ಮೇಷ್ಟ್ರು ಥರ ಇದ್ದೀಯಲ್ಲ."

"ಹ್ಞೂ, ಮೇಷ್ಟ್ರೇ. ಉಣ್ಣು."

ನಾನು ಗೋಡೆಯ ಕಡೆಗೆ ಮಗ್ಗುಲಾದೆ. ಆ ಕಿವಿ ದಿಂಬಿಗೆ ಬಂತು.